ಭೂರ್ಜದ ತೊಗಟೆಯ ಓಲೆಗಳು

ಭೂರ್ಜಪತ್ರವೆಂಬ ಹೆಸರನ್ನು ಸಂಸ್ಕೃತ ಓದಿದವರೆಲ್ಲ ಬಲ್ಲರು. ಕಾಳಿದಾಸನ 'ವಿಕ್ರಮೋರ್ವಶೀಯ'ದಲ್ಲಿ ಊರ್ವಶಿ ತನ್ನ ಪ್ರೇಮಪತ್ರವನ್ನು ಬರೆದುದು ಈ ತೊಗಟೆಯ ಮೇಲೆಯೇ. ಅದು ವಿದೂಷಕನ ಕೈಯಿಂದ ಜಾರಿ, ಕಡೆಗೆ ಮಹಾರಾಣಿಯ ಕೈ ಸೇರಿ ಆದ ಫಜೀತಿಯೂ ನಿಮಗೆ ನೆನಪಿರಬಹುದು. ಹಿಮಾಲಯದ ಆ ಮರಕ್ಕೆ ದಾಯಾದಿಯಾದ ಮರವೊಂದು ರಷ್ಯಾದೇಶದ ಉತ್ತರದ ಕಾಡುಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. ಊರ್ವಶಿಯ ಪತ್ರ ಕವಿಕಲ್ಪನೆ. ಆದರೆ ರಷ್ಯಾದ ಒಂದು ಊರಿನಲ್ಲಿ ಎಂಟು ಒಂಬತ್ತು ಶತಮಾನಗಳ ಹಿಂದೆ ಸಾಮಾನ್ಯ ಜನರು ಇಂಥದೇ ತೊಗಟೆಯ ಮೇಲೆ ಬರೆದ ನಿಜವಾದ ಕಾಗದಗಳು ನೆಲದಿಂದ ಎದ್ದುಬಂದಿವೆ. ಆ ಊರಿಗೆ ನಿಮ್ಮನ್ನು ಒಮ್ಮೆ ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ.

ಊರಿನ ಹೆಸರು ನೊವ್ಗೊರೊದ್. ಹಾಗೆಂದರೆ 'ಹೊಸ ಊರು' ಎಂದೇ ಅರ್ಥ. ನಮ್ಮ ಎಷ್ಟೋ ಹೊಸಹಳ್ಳಿ, ಹೊಸೂರುಗಳ ಹಾಗೆ ಇದೂ ಬಹಳ ಹಳೆಯದು. ಅಲ್ಲಿಯ ಪುರಾತನ ವೃತ್ತಾಂತ ಗ್ರಂಥಗಳು ಇದನ್ನು ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಒಯ್ಯುತ್ತವೆ. ಪೀಟರ್ಸ್‌ಬರ್ಗ್ ನಗರದಿಂದ ದಕ್ಷಿಣಕ್ಕೆ ಸುಮಾರು ೧೯೦ ಕಿಲೋಮೀಟರು, ರೈಲಿನಲ್ಲಿ ಮೂರು ನಾಲ್ಕು ಗಂಟೆಗಳ ಹಾದಿ. ಟಿಕೆಟ್ಟು ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ನಿಜ್ನಿ ನೊವ್ಗೊರೊದ್ ಎಂಬ ಇನ್ನೊಂದು ಪಟ್ಟಣ ವೋಲ್ಗಾ ನದಿಯ ದಂಡೆಯಲ್ಲಿ, ಮಾಸ್ಕೋದಿಂದ ಆಚೆಗೆ ಬಹು ದೂರದಲ್ಲಿದೆ. ನಾವು ಹೋಗಬೇಕಾದುದು ವೆಲೀಕಿ ನೊವ್ಗೊರೊದಿಗೆ, ಎಂದರೆ ಮಹಾ ನೊವ್ಗೊರೊದಿಗೆ. ೧೯೯೯ರಿಂದ ಅದಕ್ಕೆ ಈ ಹೆಸರೇ ಅಧಿಕೃತ.

ವೋಲ್ಖೊವ್ ನದಿ ಊರನ್ನು ಎರಡಾಗಿ ಸೀಳಿಕೊಂಡು ಹರಿಯುತ್ತದೆ. ಒಂದು ದಡದಲ್ಲಿ ಕೆಂಪು ಇಟ್ಟಿಗೆಯ ಕೋಟೆ, ಅದರೊಳಗೆ ೧೦೪೫ರಿಂದ ೧೦೫೦ರವರೆಗೆ ಕಟ್ಟಿದ ಸಂತ ಸೋಫಿಯಾ ದೇವಾಲಯ. ಎದುರು ದಡದಲ್ಲಿ ಹಳೆಯ ಪೇಟೆ. ತುಪ್ಪುಳು ಚರ್ಮ, ಜೇನುಮೇಣ ಇವುಗಳ ವ್ಯಾಪಾರಕ್ಕೆ ಜರ್ಮನ್ ವರ್ತಕರು ಇಲ್ಲಿಗೆ ಬಂದು ತಮ್ಮದೇ ಬಿಡಾರ ಕಟ್ಟಿಕೊಂಡಿದ್ದರು. ಈ ಊರಿನವರು ಅರಸರಿಗೆ ಅಷ್ಟಾಗಿ ತಲೆಬಾಗಿದವರಲ್ಲ. ೧೧೩೬ರಲ್ಲಿ ತಮಗೆ ಬೇಡವಾದ ಅರಸನನ್ನು ಹಿಡಿದು ಕೂರಿಸಿ, ಆಮೇಲೆ ಊರಿನಿಂದಾಚೆಗೆ ಕಳುಹಿಸಿಬಿಟ್ಟರು. ಅಂದಿನಿಂದ 'ವೇಚೆ' ಎಂಬ ಜನಸಭೆ ಗಂಟೆ ಬಾರಿಸಿ ಕೂಡುತ್ತಿತ್ತು. ಅರಸನೇನಿದ್ದರೂ ಕರಾರಿನ ಮೇಲೆ ಬಂದು ಇರುವವನು. ಇದನ್ನು ಪ್ರಜಾಪ್ರಭುತ್ವವೆಂದು ಹೊಗಳುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಅಧಿಕಾರವಿದ್ದುದು ದೊಡ್ಡ ಜಮೀನುದಾರ ಮನೆತನಗಳ ಕೈಯಲ್ಲಿಯೇ.

ಇನ್ನು ತೊಗಟೆಯ ವಿಷಯ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಂಠದಿಂದ ಕೊರೆದು, ಅಕ್ಷರ ಕಾಣಲೆಂದು ಮಸಿ ಸವರುತ್ತಿದ್ದರಲ್ಲವೆ? ನೊವ್ಗೊರೊದಿನವರು ತೊಗಟೆಯ ಒಳಮೈಯ ಮೇಲೆ ಮೂಳೆಯ ಅಥವಾ ಕಬ್ಬಿಣದ ಕಡ್ಡಿಯಿಂದ ಗೀಚುತ್ತಿದ್ದರು. ಮಸಿಯನ್ನು ಬಳಸುತ್ತಿದ್ದುದು ಅಪರೂಪ. ಓದಿಯಾದ ಮೇಲೆ ಬೀದಿಗೆ ಎಸೆಯುತ್ತಿದ್ದರು. ಬೀದಿಯೋ ಬರಿಯ ಕೆಸರು. ಆದ್ದರಿಂದ ಮರದ ದಿಮ್ಮಿಗಳನ್ನು ಸೀಳಿ ಹಾಸುತ್ತಿದ್ದರು. ಆ ಹಾಸು ಹೂತುಹೋದಾಗ ಅದರ ಮೇಲೆಯೇ ಇನ್ನೊಂದು. ಒಂದು ಬೀದಿಯಲ್ಲಿ ೯೫೩ರಿಂದ ೧೪೬೨ರವರೆಗೆ ಹೀಗೆ ಒಂದರ ಮೇಲೊಂದು ೨೮ ಹಾಸುಗಳು ಸಿಕ್ಕಿವೆ. ದಿಮ್ಮಿಗಳ ಬಳೆಗೆರೆಗಳನ್ನು ಎಣಿಸಿ ಮರ ಕಡಿದ ವರ್ಷವನ್ನು ಕಂಡುಹಿಡಿಯುತ್ತಾರೆ. ಎರಡು ಹಾಸುಗಳ ನಡುವೆ ಸಿಕ್ಕ ಓಲೆಯ ಕಾಲವೂ ಅದರಿಂದ ಗೊತ್ತಾಗುತ್ತದೆ. ನಮ್ಮ ತಾಳೆಗರಿಗೆ ನೀರೇ ಶತ್ರು. ಅಲ್ಲಿ ನೀರೇ ಕಾವಲುಗಾರ: ಸದಾ ಒದ್ದೆಯಾದ ಆ ಜಿಗಟು ಮಣ್ಣಿನೊಳಕ್ಕೆ ಗಾಳಿ ಹೋಗದು, ಗಾಳಿಯಿಲ್ಲದೆ ಕೊಳೆಯುವುದೂ ಇಲ್ಲ.

೧೯೫೧ರ ಜುಲೈ ೨೬ರಂದು ಉತ್ಖನನದ ಕೆಲಸಕ್ಕೆ ಬಂದಿದ್ದ ನೀನಾ ಅಕುಲೊವಾ ಎಂಬ ಸ್ಥಳೀಯ ಮಹಿಳೆಗೆ ತೊಗಟೆಯ ಸುರುಳಿಯೊಂದರ ಮೇಲೆ ಗೀರುಗಳು ಕಂಡವು. ಪ್ರಾಧ್ಯಾಪಕ ಆರ್ತ್ಸಿಖೋವ್‌ಸ್ಕಿಯವರಿಗೆ ಅದನ್ನು ತೋರಿಸಿದಾಗ ಒಂದು ನಿಮಿಷ ಅವರಿಗೆ ಮಾತೇ ಹೊರಡಲಿಲ್ಲವಂತೆ. ಇಪ್ಪತ್ತು ವರ್ಷ ಇದಕ್ಕಾಗಿಯೇ ಕಾದಿದ್ದೆನೆಂದು ಹೇಳಿ ನೂರು ರೂಬಲ್ ಬಹುಮಾನ ಕೊಟ್ಟರಂತೆ. ಅದು ಹಳ್ಳಿಗಳಿಂದ ಬರಬೇಕಾದ ಸಲ್ಲಿಕೆಯ ಒಂದು ಪಟ್ಟಿ. ಅಂದಿನಿಂದ ಈ ಊರೊಂದರಲ್ಲಿಯೇ ಸಾವಿರದ ನೂರಕ್ಕೂ ಹೆಚ್ಚು ಓಲೆಗಳು ದೊರೆತಿವೆ.

ಏನಿದೆ ಅವುಗಳಲ್ಲಿ? ಸಾಲದ ಲೆಕ್ಕ, ಮೀನಿನ ಲೆಕ್ಕ, ನೆರೆಯವನ ಮೇಲೆ ದೂರು. ಮಿಕೀತ ಎಂಬವನು ಒಬ್ಬಳಿಗೆ, ನನ್ನನ್ನು ಮದುವೆಯಾಗು, ನನಗೆ ನೀನು ಬೇಕು, ನಿನಗೆ ನಾನು ಬೇಕು ಎಂದು ಬರೆದು, ಸಾಕ್ಷಿಯ ಹೆಸರನ್ನೂ ಸೇರಿಸಿದ್ದಾನೆ, ವ್ಯವಹಾರಸ್ಥನೇ ಸರಿ! ಹನ್ನೊಂದನೆಯ ಶತಮಾನದ ಕೊನೆಯ ಹೆಂಗಸೊಬ್ಬಳು, ಮೂರು ಸಲ ಹೇಳಿಕಳುಹಿಸಿದರೂ ಬಾರದವನನ್ನು ಆಕ್ಷೇಪಿಸಿದ್ದಾಳೆ. ೧೯೯೩ರಲ್ಲಿ ಸಿಕ್ಕಾಗ ಆ ಓಲೆಯನ್ನು ಪಟ್ಟಿಪಟ್ಟಿಯಾಗಿ ಹರಿದು ಗಂಟು ಹಾಕಿ ಎಸೆದಿತ್ತು. ಹರಿದವನು ಆತನೇ ಇರಬೇಕು.

ನನ್ನಂಥ ಮೇಷ್ಟರಿಗೆ ಎಲ್ಲಕ್ಕಿಂತ ಹತ್ತಿರದವನು ಒನ್ಫಿಂ. ಹದಿಮೂರನೆಯ ಶತಮಾನದ ನಡುವಿನಲ್ಲಿ ಆರೇಳು ವರ್ಷದವನಾಗಿದ್ದಿರಬಹುದಾದ ಹುಡುಗ. ೧೯೫೬ರಲ್ಲಿ ಅವನ ಅಭ್ಯಾಸದ ತೊಗಟೆಗಳು ಒಂದೇ ಕಡೆ ಹತ್ತಾರು ಸಿಕ್ಕಿದವು. ಹಳೆಯ ಪಾತ್ರೆಯೊಂದರ ತಳದ ತೊಗಟೆಯ ಮೇಲೆ ವರ್ಣಮಾಲೆ ಬರೆದು, ಆಮೇಲೆ ನಮ್ಮ ಕಾಗುಣಿತದಂತೆಯೇ ಒಂದೊಂದು ವ್ಯಂಜನಕ್ಕೂ ಸ್ವರ ಕೂಡಿಸುತ್ತ ಹೋಗಿದ್ದಾನೆ. ಬೇಸರವಾಯಿತೆಂದು ತೋರುತ್ತದೆ, ಹಿಂದೆ ತಿರುಗಿಸಿ ಬಾಲ ಸುರುಳಿಸಿಕೊಂಡ ಮೃಗವನ್ನು ಬರೆದು, ಅದು ತಾನೇ ಎಂದು ಹೇಳಿ, ದಾನಿಲ ಎಂಬ ಗೆಳೆಯನಿಗೆ ನಮಸ್ಕಾರ ತಿಳಿಸಿದ್ದಾನೆ. ಇನ್ನೊಂದರಲ್ಲಿ ಅಕ್ಷರಗಳನ್ನು ಅರ್ಧಕ್ಕೇ ಬಿಟ್ಟು ಕುದುರೆ ಏರಿ ಶತ್ರುವಿಗೆ ಈಟಿ ಚುಚ್ಚುವ ವೀರನನ್ನು ಬರೆದಿದ್ದಾನೆ. ವೀರನ ಪಕ್ಕದಲ್ಲಿ ಬರೆದ ಹೆಸರು: ಒನ್ಫಿಂ! ಅವನ ಮನುಷ್ಯರ ಕೈಗೆ ಒಮ್ಮೆ ಮೂರು ಬೆರಳು, ಒಮ್ಮೆ ಆರು.

ಈ ಚಿತ್ರಗಳನ್ನು ಪುಸ್ತಕದಲ್ಲಿ ಮೊದಲು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗನೊಬ್ಬ ಕಾಪಿ ಪುಸ್ತಕದ ಅಂಚಿನಲ್ಲಿ ಕುದುರೆ ಬರೆದಿದ್ದ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಆ ಹಾಳೆಯನ್ನು ಎಲ್ಲರೆದುರಿಗೆ ಹರಿದುಹಾಕಿದೆ. ಅವನು ಅಳಲಿಲ್ಲ, ಮತ್ತೆಂದೂ ಕುದುರೆಯನ್ನೂ ಬರೆಯಲಿಲ್ಲ.

ನೊವ್ಗೊರೊದಿನ ಮುಂದಿನ ಕಥೆ ಸುಖದ್ದಲ್ಲ. ೧೪೭೮ರಲ್ಲಿ ಮಾಸ್ಕೋದ ಮೂರನೆಯ ಇವಾನನು ಊರನ್ನು ವಶಪಡಿಸಿಕೊಂಡು ಜನಸಭೆಯ ಗಂಟೆಯನ್ನೇ ಇಳಿಸಿ ಮಾಸ್ಕೋಗೆ ಒಯ್ದನು. ೧೫೭೦ರಲ್ಲಿ ಅವನ ಮೊಮ್ಮಗ, ಉಗ್ರನೆಂದು ಹೆಸರಾದ ನಾಲ್ಕನೆಯ ಇವಾನ, ದ್ರೋಹದ ಸಂಶಯದಿಂದ ಬಂದು ವಾರಗಟ್ಟಲೆ ಕೊಲ್ಲಿಸಿದನು, ಸತ್ತವರು ಸಾವಿರಾರು. ಸೋಫಿಯಾ ದೇವಾಲಯದ ಶಿಖರದ ಶಿಲುಬೆಯ ಮೇಲೆ ಲೋಹದ ಪಾರಿವಾಳವೊಂದು ಕುಳಿತಿದೆ. ಹಾರುತ್ತ ಬಂದು ಅಲ್ಲಿ ಕುಳಿತ ಪಾರಿವಾಳ ಕೆಳಗಿನ ರಕ್ತವನ್ನು ಕಂಡು ಹಾಗೆಯೇ ಕಲ್ಲಾಯಿತೆಂದು ಜನ ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರ ಆಗಸ್ಟಿನಿಂದ ೧೯೪೪ರ ಜನವರಿಯವರೆಗೆ, ಊರು ಜರ್ಮನರ ಕೈಯಲ್ಲಿತ್ತು. ಸುಮಾರು ಎರಡೂವರೆ ಸಾವಿರ ಕಟ್ಟಡಗಳಲ್ಲಿ ಕಡೆಗೆ ಉಳಿದುವು ನಲವತ್ತರಷ್ಟು. ಅವರ ಕಡೆಯಿದ್ದ ಸ್ಪೇನಿನ ಸೈನಿಕರು ಆ ಶಿಲುಬೆಯನ್ನು ತಮ್ಮ ದೇಶಕ್ಕೆ ಒಯ್ದಿದ್ದರು. ಅದು ಹಿಂದಕ್ಕೆ ಬಂದುದು ೨೦೦೪ರಲ್ಲಿ. ಈಗ ಶಿಖರದ ಮೇಲಿರುವುದು ಹೊಸದು. ಹಳೆಯದನ್ನು ದೇವಾಲಯದ ಒಳಗೆ ಹತ್ತಿರದಿಂದಲೇ ನೋಡಬಹುದು.

ಆ ಬೂದಿಯ ಕೆಳಗಿನಿಂದಲೇ ಏಳು ವರ್ಷಗಳಲ್ಲಿ ಮೊದಲನೆಯ ಓಲೆ ಎದ್ದುಬಂತು. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಓಲೆಗಳನ್ನು ಇಟ್ಟಿದ್ದಾರೆ. ದೂರದಿಂದ ಕಂದುಬಣ್ಣದ ಸಿಪ್ಪೆಯ ಹಾಗೆ ಕಾಣುತ್ತವೆ. ಗಾಜಿನ ಹತ್ತಿರ ಬಗ್ಗಿ ನೋಡಬೇಕು.

ಅವುಗಳ ಪೈಕಿ ಎರಡನ್ನು ಹೇಳಿ ನಿಲ್ಲಿಸುತ್ತೇನೆ. ಎರಡೂ ಸುಮಾರು ಆರು ನೂರು ವರ್ಷಗಳ ಹಿಂದಿನವು. ಬೋರಿಸ್ ಎಂಬವನು ನಸ್ತಾಸ್ಯ ಎಂಬವಳಿಗೆ ಬರೆದಿದ್ದಾನೆ: ಇಲ್ಲಿ ಬಹಳ ಕೆಲಸವಿದೆ, ಈ ಕಾಗದ ತಲುಪಿದೊಡನೆ ಕುದುರೆಯ ಮೇಲೆ ಒಬ್ಬ ಆಳನ್ನು ಕಳುಹಿಸು, ಅಂಗಿಯನ್ನೂ ಕಳುಹಿಸು, ಅಂಗಿ ಮರೆತು ಬಂದೆ. ಇನ್ನೊಂದನ್ನು ನಸ್ತಾಸ್ಯ ಎಂಬವಳು ತನ್ನ ಅಣ್ಣತಮ್ಮಂದಿರಿಗೆ ಬರೆದಿದ್ದಾಳೆ. ಇಬ್ಬರೂ ಒಬ್ಬಳೇ ಎಂದು ವಿದ್ವಾಂಸರ ಊಹೆ. ನನ್ನ ಬೋರಿಸ್ ಇನ್ನಿಲ್ಲ, ನನ್ನನ್ನೂ ನನ್ನ ಮಕ್ಕಳನ್ನೂ ನೀವು ಹೇಗೆ ನೋಡಿಕೊಳ್ಳುವಿರಿ ಎಂದು ಕೇಳಿದ್ದಾಳೆ.