ಎದೆಯ ಸದ್ದಿಗೆ ಹೆಸರಿಟ್ಟ ಕಥೆ

ಉಸಿರಿಗೆ ಸದ್ದಿದೆಯೆಂಬುದನ್ನು ನಾವು ಸಾಮಾನ್ಯವಾಗಿ ಮರೆತೇ ಇರುತ್ತೇವೆ. ಆರೋಗ್ಯವಂತನ ಉಸಿರು ಎಲೆಗಳ ನಡುವೆ ಸುಳಿಯುವ ಗಾಳಿಯಂತೆ ಮೆಲುವಾದದ್ದು. ರೋಗ ಹೊಕ್ಕಾಗಲೇ ಎದೆ ಬೇರೆ ದನಿ ತೆಗೆಯುವುದು. ಆ ದನಿಗಳಿಗೆ ಮನುಷ್ಯ ಹೆಸರಿಟ್ಟ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಅದನ್ನು ವೈದ್ಯದ ಇತಿಹಾಸವೆಂದರೂ ಸರಿ, ಮಾತಿನ ಇತಿಹಾಸವೆಂದರೂ ಸರಿ.

ರೋಗಿಯ ಎದೆಗೆ ಕಿವಿಯಿಟ್ಟು ಕೇಳುವ ಪದ್ಧತಿ ಬಹು ಹಳೆಯದು. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ ಗ್ರಂಥಗಳಲ್ಲಿಯೇ ತೊಗಲು ಕಿರುಗುಟ್ಟಿದಂತಹ ಎದೆಯ ಸದ್ದಿನ ಪ್ರಸ್ತಾಪವಿದೆ. ಆದರೆ ಯಾವ ಸದ್ದಿಗೆ ಒಳಗಿನ ಯಾವ ಕೇಡು ಕಾರಣವೆಂದು ಕ್ರಮವಾಗಿ ಹೊಂದಿಸಿ ನೋಡಿದವನು ಫ್ರಾನ್ಸಿನ ರೆನೆ ಲೆನೆಕ್. 1816ರಲ್ಲಿ ಪ್ಯಾರಿಸಿನ ನೆಕರ್ ಆಸ್ಪತ್ರೆಯಲ್ಲಿ ಹೃದ್ರೋಗದ ತರುಣಿಯೊಬ್ಬಳನ್ನು ಆತ ಪರೀಕ್ಷಿಸಬೇಕಾಯಿತು. ಆಕೆಯ ಎದೆಗೆ ಕಿವಿಯಿಡಲು ಸಂಕೋಚ. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀಚಿದರೆ ಇನ್ನೊಂದು ತುದಿಯಲ್ಲಿ ಸದ್ದು ಕೇಳುವುದೆಂಬ ಸಂಗತಿ ನೆನಪಾಗಿ, ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಎದೆಗಿಟ್ಟು ಆಲಿಸಿದ. ಹೃದಯದ ಬಡಿತ ಎಂದಿಗಿಂತ ಸ್ಪಷ್ಟವಾಗಿ ಕೇಳಿತು. ಕೊಳಲು ನುಡಿಸುತ್ತಿದ್ದ ಈ ವೈದ್ಯ ಆಮೇಲೆ ತಾನೇ ಮರ ಕಡೆದು ಕೊಳವೆ ಮಾಡಿಕೊಂಡ. ಅದೇ ಮೊದಲ ಸ್ಟೆತಸ್ಕೋಪು.

ಬದುಕಿದ್ದಾಗ ಎದೆಯಲ್ಲಿ ಕೇಳಿದ್ದನ್ನು ಸತ್ತಮೇಲೆ ಶವಪರೀಕ್ಷೆಯಲ್ಲಿ ಕಂಡದ್ದರೊಡನೆ ಹೋಲಿಸಿ, 1819ರಲ್ಲಿ ಲೆನೆಕ್ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ. ಒಂದು ಸದ್ದು ಬಿಸಿಪಾತ್ರೆಯಲ್ಲಿ ಉಪ್ಪು ಚಟಗುಟ್ಟಿದಂತೆ, ಇನ್ನೊಂದು ಪಾರಿವಾಳದ ಗುಟುರಿನಂತೆ, ಮತ್ತೊಂದು ಸಿಳ್ಳಿನಂತೆ. ಈ ಹೋಲಿಕೆಗಳನ್ನು ಕಂಡಾಗ, ಆತ ವೈದ್ಯನಾಗಿರದಿದ್ದರೆ ಕವಿಯಾಗುತ್ತಿದ್ದನೇನೋ ಎಂದು ನನಗೆ ಅನ್ನಿಸಿದ್ದುಂಟು.

ಇಂತಹ ಸದ್ದುಗಳಿಗೆಲ್ಲ ಆತ ಬಳಸಿದ ಒಟ್ಟು ಹೆಸರು ‘ರಾಲ್’. ತೊಡಕು ಹುಟ್ಟಿದ್ದು ಇಲ್ಲಿಯೇ. ಫ್ರೆಂಚ್ ಜನರ ಮಾತಿನಲ್ಲಿ ರಾಲ್ ಎಂದರೆ ಸಾಯುವವನ ಗಂಟಲಿನ ಗೊರಗೊರ. ನಮ್ಮ ಮನೆಗಳಲ್ಲಿ ರೋಗಿಯ ಮುಂದೆ ‘ಮೇಲುಸಿರು’ ಎಂಬ ಮಾತನ್ನು ಯಾರಾದರೂ ಆಡಿಯಾರೆ? ಲೆನೆಕ್ ಕೂಡ ಆಡಲಿಲ್ಲ. ಹಾಸಿಗೆಯ ಬಳಿ ಶಿಷ್ಯರಿಗೆ ಪಾಠ ಹೇಳುವಾಗ ಅದೇ ಅರ್ಥದಲ್ಲಿ ‘ರಾಂಕಸ್’ ಎಂಬ ಲ್ಯಾಟಿನ್ ಮಾತನ್ನು ಬಳಸಿದ. ರೋಗಿ ಹೆದರದಿರಲೆಂಬುದಷ್ಟೇ ಉದ್ದೇಶ.

ಆದರೆ ದಯೆಯಿಂದ ಹುಟ್ಟಿದ ಈ ಜೋಡಿಹೆಸರು ಮುಂದಿನವರಿಗೆ ಗೋಜಲಾಯಿತು. 1821ರಲ್ಲಿ ಜಾನ್ ಫೋರ್ಬ್ಸ್ ಆ ಗ್ರಂಥವನ್ನು ಇಂಗ್ಲಿಷಿಗೆ ತಂದ. ಕಾಲ ಕಳೆದಂತೆ ಒಂದೇ ಅರ್ಥದ ಎರಡು ಮಾತುಗಳು ಎರಡು ಬೇರೆ ಸದ್ದುಗಳಿಗೆ ಹೆಸರಾಗಿ ನಿಂತವು. ಒಬ್ಬ ವೈದ್ಯ ಬರೆದುದನ್ನು ಇನ್ನೊಬ್ಬ ಬೇರೆಯಾಗಿ ತಿಳಿಯುವಂತಾಯಿತು. ಎದೆಯ ಸದ್ದು ಮಾತ್ರ ಮೊದಲಿನಂತೆಯೇ ಇತ್ತು!

1957ರಲ್ಲಿ ರಾಬರ್ಟ್‌ಸನ್ ಮತ್ತು ಕೂಪ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಗೊಂದಲವನ್ನು ಎತ್ತಿ ತೋರಿಸಿದರು. ತುಂಡುತುಂಡಾಗಿ ಚಟಗುಟ್ಟುವುದೊಂದು ಬಗೆ, ಎಳೆಯಾಗಿ ನಿಲ್ಲುವ ದನಿ ಇನ್ನೊಂದು. ಹೀಗೆ ಕೇಳಿದ್ದನ್ನಷ್ಟೇ ಹೇಳೋಣವೆಂಬುದು ಅವರ ವಾದ. ಬಳಿಕ ಪಾಲ್ ಫೋರ್ಗಾಕ್ಸ್ ಎಂಬ ವೈದ್ಯ ಅವುಗಳ ಕಾರಣವನ್ನು ಬಿಡಿಸಿದ. ಚಟಚಟ ಸದ್ದೆಲ್ಲ ಕಫದಲ್ಲಿ ಏಳುವ ಗುಳ್ಳೆಗಳದೆಂದು ಹಿಂದಿನವರು ನಂಬಿದ್ದರು. ಅದರಲ್ಲಿ ಹೆಚ್ಚಿನದು ಮುಚ್ಚಿಕೊಂಡ ಕಿರುನಾಳಗಳು ಉಸಿರೆಳೆದಾಗ ತಟ್ಟನೆ ತೆರೆಯುವ ಸದ್ದೆಂದು ಆತ ತೋರಿಸಿದ. ಉಬ್ಬಸದವನ ಎದೆಯ ಸಿಳ್ಳೂ ಕೊಳಲಿನ ನಾದದಂತಹುದಲ್ಲ. ಇಕ್ಕಟ್ಟಾದ ನಾಳದ ಗೋಡೆಯೇ ಶಹನಾಯಿಯ ನಾಲಗೆಯಂತೆ ಅದುರಿ ಹುಟ್ಟಿಸುವ ದನಿ. ಆದುದರಿಂದಲೇ ಉಬ್ಬಸ ವಿಪರೀತವಾಗಿ, ಗಾಳಿಯಾಡುವುದೇ ಕಡಿಮೆಯಾದಾಗ ಸಿಳ್ಳು ಅಡಗುತ್ತದೆ. ಆ ಮೌನ ಗುಣದ ಲಕ್ಷಣವಲ್ಲ, ಅಪಾಯದ ಲಕ್ಷಣ.

ಹೆಸರುಗಳ ಲೆಕ್ಕಾಚಾರ ಬೇಗ ಮುಗಿಯಲಿಲ್ಲ. 2016ರಲ್ಲಿಯೂ ಯುರೋಪಿನ ಶ್ವಾಸತಜ್ಞರ ಸಂಘ ಅವನ್ನು ಏಕರೂಪಕ್ಕೆ ತರುವ ಪ್ರಯತ್ನ ನಡೆಸಿತು.

ಲೆನೆಕ್‌ನ ಕೊನೆಯನ್ನು ಹೇಳದೆ ಈ ಕಥೆ ಪೂರ್ಣವಾಗದು. 1826ರಲ್ಲಿ ಆತನೇ ಕೆಮ್ಮು ಜ್ವರಗಳಿಂದ ಹಾಸಿಗೆ ಹಿಡಿದ. ಬಂಧುವೂ ವೈದ್ಯನೂ ಆಗಿದ್ದ ಮೆರಿಯಾದೆಕ್ ಆತನ ಎದೆಯನ್ನು ಆಲಿಸಿ, ಕೇಳಿದ್ದನ್ನು ವಿವರಿಸಿದ. ಅದು ಕ್ಷಯವೆಂದು ತಿಳಿಯಲು ಲೆನೆಕ್‌ಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ವರ್ಷದ ಆಗಸ್ಟ್ 13ರಂದು, 45ನೆಯ ವಯಸ್ಸಿನಲ್ಲಿ, ತನ್ನ ಬ್ರಿಟನಿ ಪ್ರಾಂತದಲ್ಲಿ ಆತ ತೀರಿಕೊಂಡ. ಲ್ಯಾಟಿನ್ ಮಾತಿನ ಮರೆ ಆತನ ರೋಗಿಗಳಿಗೆಲ್ಲ ದೊರೆತಿತ್ತು. ಆತನೊಬ್ಬನಿಗೆ ಮಾತ್ರ ದೊರೆಯುವಂತಿರಲಿಲ್ಲ.