ಗೋಡೆಯಿಂದಲೇ ಹುಟ್ಟಿದ ಹಾಟ್‌ಮೇಲ್

ಹಾಟ್‌ಮೇಲ್ ಎಂಬ ವೆಬ್‌ಮೇಲ್ ಹುಟ್ಟಿದ್ದೇ ಕಂಪನಿ ಜಾಲವನ್ನು ಕಾಯುವ ಗೋಡೆಯಾದ ಫೈರ್‌ವಾಲ್‌ನ ಕಾಟದಿಂದ. ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ, ಗೆಳೆಯ ಜ್ಯಾಕ್ ಸ್ಮಿತ್ ಇಬ್ಬರೂ ಕ್ಯಾಲಿಫೋರ್ನಿಯಾದ ಒಂದೇ ಕಂಪನಿಯಲ್ಲಿದ್ದಾಗ, ಅಲ್ಲಿನ ಫೈರ್‌ವಾಲ್ ಅವರ ಸ್ವಂತ ಮೇಲ್ ತೆರೆಯಲು ಬಿಡುತ್ತಿರಲಿಲ್ಲ. ಬ್ರೌಸರ್‌ಗೆ ಮಾತ್ರ ದಾರಿಯಿತ್ತು. ಮೇಲನ್ನೂ ಅದೇ ದಾರಿಗೆ ತಂದರು. 1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾಯಿತು. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ.

1997ರಲ್ಲಿ ಕಂಪನಿಯ ಮೇಲನ್ನು ಬ್ರೌಸರ್‌ನಲ್ಲಿ ತೋರಿಸುವ ಮೈಕ್ರೋಸಾಫ್ಟ್‌ನ ಔಟ್‌ಲುಕ್ ವೆಬ್ ಆಕ್ಸೆಸ್ ಬಂತು. ತೊಡಕು ತಿರುಗಿ ನಿಂತಿತು: ಈಗ ಹೊರಗೆ ಕೂತವರಿಗೆ ಕಂಪನಿಯೊಳಗಿನ ಮೇಲ್ ಬೇಕು.

ಆ ತೊಡಕು ನನಗೂ ಎದುರಾಯಿತು. ನನ್ನ ಮನೆ ಗಾದಿಗನೂರಿನಲ್ಲಿ. ತೋರಣಗಲ್ಲು ಕಡೆಯ ಕಂಪನಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಆಫೀಸಿನಲ್ಲಿ ಸಲೀಸಾಗಿ ತೆರೆಯುತ್ತಿದ್ದ ಮೇಲ್ ಪುಟ ಮನೆಯಲ್ಲಿ ಪಾಸ್‌ವರ್ಡ್ ಕೇಳಿ, ಆಮೇಲೆ ಬಿಳಿ ಪರದೆಯಾಗಿ ನಿಂತುಬಿಡುತ್ತಿತ್ತು. ಸಂಪರ್ಕ ಪರೀಕ್ಷಿಸಲು ಟೆಲ್ನೆಟ್‌ನಿಂದ ಮೇಲ್ ಸರ್ವರ್‌ನ 443ನೇ ಪೋರ್ಟ್ (ಸುರಕ್ಷಿತ ವೆಬ್ ಪುಟಗಳ ಬಾಗಿಲು) ತಟ್ಟಿದೆ. ಖಾಲಿ ಪರದೆಯಲ್ಲಿ ಕರ್ಸರ್ ಮಿನುಗಿತು, ಅಂದರೆ ಬಾಗಿಲು ತೆರೆದೇ ಇದೆ. ಬ್ರೌಸರ್‌ನ ವಿಳಾಸದ ಪಟ್ಟಿಯ ಮೇಲೆ ಕಣ್ಣಿಟ್ಟಾಗ ಗುಟ್ಟು ಬಯಲಾಯಿತು: ಲಾಗಿನ್ ಆದ ಕೂಡಲೇ ಸರ್ವರ್ ನನ್ನನ್ನು 192.168ರಿಂದ ಶುರುವಾಗುವ ವಿಳಾಸಕ್ಕೆ ಅಟ್ಟುತ್ತಿದೆ. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಪತ್ರ ಖಾಸಗಿ ಜಾಲಗಳಿಗೆಂದೇ ಎತ್ತಿಟ್ಟ ವಿಳಾಸಗಳಿವು. ಗಾದಿಗನೂರಿನಿಂದ ಅಲ್ಲಿಗೆ ದಾರಿಯೇ ಇಲ್ಲ.

ಇಂಥಲ್ಲಿ ಇನ್ನಷ್ಟು ಪೋರ್ಟ್ ತೆರೆಯಿರಿ ಎನ್ನುವವರೇ ಹೆಚ್ಚು. ಅದು ತಪ್ಪು, ಅಪಾಯವೂ ಹೌದು. ಸರ್ವರ್‌ಗೆ ಅದರ ಹೊರಗಿನ ಹೆಸರನ್ನು ಬರೆದುಕೊಟ್ಟೆವು, ಅಷ್ಟೇ. ರಾತ್ರಿ ಪಾಳಿಗೆ ಹೊರಡುವವರು ಅದಿರು ಲೋಡಿನ ವರದಿಯನ್ನು ಮನೆಯಲ್ಲೇ ಓದತೊಡಗಿದರು.