‘ಕರ್ಲ್’ ಎಂಬ ಹೆಸರಿನ ಚರಿತ್ರೆ

ಶಿವಮೊಗ್ಗೆಯ ವಿನೋಬನಗರದಲ್ಲಿ ಪದವಿ ತರಗತಿಯ ಗಣಿತವನ್ನು ಓದುತ್ತಿರುವ ವಿದ್ಯಾರ್ಥಿಗಳು ಯಾವ ಬೀದಿಯಲ್ಲಿಯಾದರೂ ಸಿಕ್ಕುತ್ತಾರೆ. ಸದಿಶಕಲನದ ಭಾಗಕ್ಕೆ ಬಂದೊಡನೆ ಗ್ರೇಡಿಯೆಂಟ್, ಡೈವರ್ಜೆನ್ಸ್, ಕರ್ಲ್ ಎಂಬ ಮೂರು ಹೆಸರುಗಳು ಅವರಿಗೆ ಎದುರಾಗುತ್ತವೆ. ಸೂತ್ರವನ್ನು ಹಿಡಿದು ಲೆಕ್ಕವನ್ನು ಸರಿಯಾಗಿಯೇ ಬಿಡಿಸುತ್ತಾರೆ; ‘ಕರ್ಲ್ ಎಂದರೇನು, ಕನ್ನಡದಲ್ಲಿ ಹೇಳಿ’ ಎಂದರೆ ಮಾತು ನಿಲ್ಲುತ್ತದೆ. ಈ ಮೌನಕ್ಕೆ ಕಾರಣವು ಬುದ್ಧಿಯಲ್ಲಿದೆಯೊ ಹೆಸರಿನಲ್ಲಿದೆಯೊ ಎಂಬುದನ್ನು ವಿಚಾರಮಾಡಬೇಕಾದರೆ ಆ ಹೆಸರುಗಳ ಚರಿತ್ರೆಯನ್ನೇ ನೋಡಬೇಕು. ಭಾಷಾಧ್ಯಾಪಕರಿಗೂ ಇದರಲ್ಲಿ ಪಾಲುಂಟು.

೧೮೪೩ನೆಯ ಅಕ್ಟೋಬರ್ ೧೬ರಂದು ಡಬ್ಲಿನ್ ನಗರದಲ್ಲಿ ಹ್ಯಾಮಿಲ್ಟನ್ನನು ಕಂಡುಹಿಡಿದ ಚತುಷ್ಕಗಣಿತದಿಂದ ಈ ಶಾಸ್ತ್ರದ ಒಂದು ಕವಲು ಹೊರಟಿತು. ‘ವೆಕ್ಟರ್’ ಎಂಬ ಹೆಸರು ಅವನದೇ. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಹೊತ್ತೊಯ್ಯುವುದು’ ಎಂದರ್ಥ. ನಮ್ಮ ಪಠ್ಯಗಳ ‘ಸದಿಶ’ವು ದಿಕ್ಕನ್ನು ಹೇಳುತ್ತದೆ, ಒಯ್ಯುವಿಕೆಯನ್ನು ಹೇಳುವುದಿಲ್ಲ. ಆದರೂ ಒಳ್ಳೆಯ ಪದವೇ ಸರಿ. ಇಂದು ಕಲಿಸುವ ರೂಪವು ಗಿಬ್ಸ್ ಮತ್ತು ಹೆವಿಸೈಡ್ ಎಂಬಿಬ್ಬರಿಂದ ಬಂದುದು. ಗಿಬ್ಸನು ೧೮೮೧ರಿಂದ ೧೮೮೪ರೊಳಗೆ ತನ್ನ ಶಿಷ್ಯರಿಗಾಗಿ ಅಚ್ಚುಮಾಡಿಸಿದ ಟಿಪ್ಪಣಿಗಳೇ ೧೯೦೧ರಲ್ಲಿ ವಿಲ್ಸನ್ನನ ಗ್ರಂಥಕ್ಕೆ ಆಧಾರವಾದುವು.

ನಮಗೆ ಮುಖ್ಯನಾದವನು ಮ್ಯಾಕ್ಸ್‌ವೆಲ್. ಸ್ಟೋಕ್ಸನ ಹೆಸರಿನಿಂದ ಪ್ರಸಿದ್ಧವಾದ ಪ್ರಮೇಯವನ್ನು ೧೮೫೦ರಲ್ಲಿ ಥಾಮ್ಸನ್ನನು ಕಾಗದದಲ್ಲಿ ಬರೆದು ತಿಳಿಸಿದ್ದನು. ಸ್ಟೋಕ್ಸನು ಅದನ್ನು ೧೮೫೪ರ ಕೇಂಬ್ರಿಜ್ ಪರೀಕ್ಷೆಯೊಂದರಲ್ಲಿ ಪ್ರಶ್ನೆಯಾಗಿ ಕೊಟ್ಟನು. ಆ ಪರೀಕ್ಷೆಗೆ ಕುಳಿತವರಲ್ಲಿ ಮ್ಯಾಕ್ಸ್‌ವೆಲ್ಲನೂ ಒಬ್ಬ. ೧೮೭೦ರಲ್ಲಿ ಅವನು ಮಿತ್ರನಾದ ಟೇಟನಿಗೆ ಬರೆದ ಕಾಗದದಲ್ಲಿ ಹೆಸರಿನ ಚರ್ಚೆಯಿದೆ. ಮೊದಲು ‘ತಿರುಚು’ ಎಂಬರ್ಥದ ಪದವನ್ನು ಯೋಚಿಸಿ, ಅದು ತಿರುಪಿನ ಮೊಳೆಯನ್ನು ನೆನಪಿಗೆ ತರುವುದೆಂದು ಹಿಂಜರಿದನು. ‘ಗಿರ್ರನೆ ತಿರುಗು’ ಎಂಬರ್ಥದ ಪದವು ಶುದ್ಧಗಣಿತಜ್ಞರಿಗೆ ಅತಿ ಚಲನಾತ್ಮಕವಾಗಿ ಕಂಡೀತೆಂದು ಶಂಕಿಸಿದನು. ಕೊನೆಗೆ ಕೇಲಿಯಂಥವರ ಮನಸ್ಸಿಗೊಪ್ಪಲೆಂದು ‘ಕರ್ಲ್’ ಎಂಬ ಮನೆಮಾತನ್ನು ಹಿಡಿದನು. ಹೆಸರು ತಾನಾಗಿ ಹುಟ್ಟಲಿಲ್ಲ. ಒಬ್ಬ ಮಹಾವಿಜ್ಞಾನಿಯು ಪದಗಳನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿ ಆರಿಸಿದನು. ವಿನೋದವೆಂದರೆ, ಕನ್ನಡದ ‘ತಿರುಪು’ ಎಂಬುದಕ್ಕೂ ಅವನು ಹೆದರಿದ ದೋಷವೇ ಅಂಟಿಕೊಂಡಿದೆ!

ಹಾಗಾದರೆ ‘ಸುಳಿ’ ಎನ್ನಬಹುದೆ? ತುಂಗೆಯ ತೀರದವರಿಗೆ ಇದಕ್ಕಿಂತ ಹತ್ತಿರದ ಪದವಿಲ್ಲ. ಆದರೆ ಎಚ್ಚರಿಕೆ ಬೇಕು. ಹೊಳೆಯು ನೆಟ್ಟಗೆ ಹರಿಯುತ್ತಿದ್ದರೂ ನಡುವೆ ವೇಗ ಹೆಚ್ಚು, ದಡದ ಬಳಿ ಕಡಮೆ. ಅಲ್ಲಿ ಪುಟ್ಟ ಚಕ್ರವೊಂದನ್ನು ತೇಲಬಿಟ್ಟರೆ ಅದು ತನ್ನಷ್ಟಕ್ಕೆ ತಿರುಗುತ್ತದೆ. ಕಣ್ಣಿಗೆ ಸುಳಿಯಿಲ್ಲ, ಕರ್ಲ್ ಉಂಟು. ಇನ್ನೊಂದೆಡೆ, ಕೇಂದ್ರದಿಂದ ದೂರವಾದಷ್ಟೂ ಅದೇ ಪ್ರಮಾಣದಲ್ಲಿ ವೇಗ ಕುಗ್ಗುವ ಆದರ್ಶ ಸುಳಿಯಲ್ಲಿ ಆ ಚಕ್ರವು ಸುತ್ತಿಬರುತ್ತದೆಯೇ ಹೊರತು ತಾನು ತಿರುಗುವುದಿಲ್ಲ. ಕೇಂದ್ರವನ್ನುಳಿದು ಎಲ್ಲೆಲ್ಲಿಯೂ ಕರ್ಲ್ ಸೊನ್ನೆ. ಇಂಗ್ಲಿಷಿನ ಪದವೂ ಇದೇ ಭ್ರಾಂತಿಯನ್ನು ಹುಟ್ಟಿಸುತ್ತದೆ. ಆದ್ದರಿಂದ ‘ಸುಳಿ’ಯನ್ನು ತಳ್ಳಿಹಾಕುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ, ಅದಕ್ಕೆ ಬೇಕಾದುದು ಉದಾಹರಣೆಯೊಡಗೂಡಿದ ಲಕ್ಷಣ.

ಈ ಮಾರ್ಗವು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದನು. ಅವನ ಮತ್ತೊಂದು ಕೃತಿಯ ಹೆಸರೇ ‘ಜೈನಗಣಿತಸೂತ್ರಟೀಕೋದಾಹರಣ’: ಸೂತ್ರ, ಟೀಕೆ, ಉದಾಹರಣ, ಈ ಮೂರೂ ಹೆಸರಿನಲ್ಲಿಯೇ ಇವೆ. ಈಚಿನ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರವನ್ನು ಬೋಧಿಸುತ್ತ ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಪಂಪಭಾರತವನ್ನು ಸಂಪಾದಿಸಿದ ಕೈಯೂ ಅವರದೇ. ಶಾಸ್ತ್ರಿಗೂ ಸಾಹಿತ್ಯಜ್ಞನಿಗೂ ನಡುವೆ ಗೋಡೆಯಿರಬೇಕೆಂಬ ನಿಯಮವನ್ನು ಅವರು ಕಂಡಿರಲಿಲ್ಲ.

ಡೈವರ್ಜೆನ್ಸಿನ ಮಾತು ಇನ್ನೂ ಸುಲಭ. ಮ್ಯಾಕ್ಸ್‌ವೆಲ್ಲನು ಒಳಸೇರುವಿಕೆಯನ್ನು ಎಣಿಸಿ ಒಂದು ಹೆಸರಿಟ್ಟಿದ್ದನು. ೧೮೭೮ರಲ್ಲಿ ಕ್ಲಿಫರ್ಡನು ಚಿಹ್ನೆಯನ್ನು ತಿರುಗಿಸಿ ಹೊರಹರಿವಿನ ಹೆಸರನ್ನು ರೂಢಿಗೆ ತಂದನು. ಗದ್ದೆಯ ಬದುವಿನಲ್ಲಿ ನಿಂತ ಮಲೆನಾಡಿನ ರೈತನಿಗೆ ಇವೆರಡೂ ಗೊತ್ತು: ನೀರು ಹೊಮ್ಮುವೆಡೆ ಒರತೆ, ಮಾಯವಾಗುವೆಡೆ ಇಂಗು. ಒಂದು ಧನ, ಇನ್ನೊಂದು ಋಣ.